ಹಲ್ಲಿನ ಕುರ್ಚಿಯ ಪಕ್ಕದಲ್ಲಿ ನಿಂತವರು

ಹಲ್ಲಿನ ಚಿಕಿತ್ಸೆಗೆ ಬಂದವರು ಪೂರ್ತಿ ಎಚ್ಚರವಾಗಿರುತ್ತಾರೆ, ಆದರೆ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ಬಾಯಿಯೊಳಗೆ ಕನ್ನಡಿ, ಹತ್ತಿ, ಉಗುಳು ಹೀರುವ ಕೊಳವೆ. ಮುಖದ ಮೇಲೆ ದೀಪದ ಬೆಳಕು. ಕಿವಿಯ ಪಕ್ಕದಲ್ಲೇ ಡ್ರಿಲ್ಲಿನ ಸದ್ದು. ಏನು ನಡೆಯುತ್ತಿದೆಯೆಂದು ಅವರಿಗೆ ಕಾಣಿಸದು, ನೋವಾದರೆ ಹೇಳಲು ನಾಲಿಗೆ ತಿರುಗದು. ಜ್ವರವೆಂದು ವೈದ್ಯರ ಬಳಿ ಹೋದವರು ಪರೀಕ್ಷೆಯ ಉದ್ದಕ್ಕೂ ತಮ್ಮ ಕಷ್ಟ ಹೇಳಿಕೊಳ್ಳಬಹುದು. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಅರಿವೇ ಇರುವುದಿಲ್ಲ. ಹಲ್ಲಿನ ಕುರ್ಚಿಯಲ್ಲಿ ಒರಗಿದವರದು ಇವೆರಡರ ನಡುವಿನ ಇಕ್ಕಟ್ಟು. ಹಾಗಾಗಿ ಅವರಿಂದ ಕೇಳಿ ತಿಳಿಯಬೇಕಾದದ್ದೆಲ್ಲ ಬಾಯಿ ತೆರೆಯುವ ಮೊದಲೇ ತಿಳಿದಿರಬೇಕು, ಬೇಕಾಗುವ ವಸ್ತುಗಳೆಲ್ಲ ಕೈಗೆಟುಕುವಂತಿರಬೇಕು, ಅವರ ಕಣ್ಣು, ಕೈ, ಉಸಿರನ್ನು ಗಮನಿಸುವವರು ಪಕ್ಕದಲ್ಲಿರಬೇಕು. ವೈದ್ಯರ ದೃಷ್ಟಿ ಒಂದು ಹಲ್ಲಿನ ಮೇಲೆ ನೆಟ್ಟಿರುವಾಗ ಇಷ್ಟನ್ನೂ ಅವರೊಬ್ಬರೇ ಮಾಡಲಾರರು. ವೈದ್ಯರು ಎಷ್ಟೇ ನುರಿತವರಾಗಿರಲಿ, ರೋಗಿಗೆ ಸಿಗುವ ಆರೈಕೆ ಪಕ್ಕದಲ್ಲಿ ನಿಂತ ಸಹಾಯಕಿಯ ತಯಾರಿಯನ್ನು ಮೀರಿ ಹೋಗುವುದಿಲ್ಲ.

ಕರ್ನಾಟಕದ ದಂತ ಶಿಕ್ಷಣಕ್ಕೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಇಂದು ರಾಜ್ಯದ ಉದ್ದಗಲಕ್ಕೂ ಇಂಥ ಕಾಲೇಜುಗಳಿವೆ. ಬಿಡಿಎಸ್ ಓದುವವರು ನಾಲ್ಕು ವರ್ಷ ತರಗತಿಯಲ್ಲೂ ಪ್ರಯೋಗಾಲಯದಲ್ಲೂ ಪಳಗಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಹೊರಬರುತ್ತಾರೆ. ಆಮೇಲೆ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಬಳಿಯೋ ಬಡಾವಣೆಯ ಮುಖ್ಯರಸ್ತೆಯಲ್ಲೋ ಮಳಿಗೆ ಹಿಡಿದು, ಸಾಲ ಮಾಡಿ ಕುರ್ಚಿ, ಎಕ್ಸ್‌ರೇ, ಉಪಕರಣಗಳನ್ನು ಹಬೆಯಲ್ಲಿ ಶುದ್ಧೀಕರಿಸುವ ಆಟೋಕ್ಲೇವ್ ತರಿಸುತ್ತಾರೆ. ಸಹಾಯಕ್ಕೆಂದು ಸೇರಿಸಿಕೊಳ್ಳುವುದು ಹೆಚ್ಚಿನ ಕಡೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿದ, ಹತ್ತಿರದ ಊರಿನ ಒಬ್ಬ ಹುಡುಗಿಯನ್ನು. 1948ರ ದಂತ ವೈದ್ಯರ ಕಾಯ್ದೆ ದಂತ ವೈದ್ಯರು, ಹಲ್ಲು ಶುಚಿಗೊಳಿಸುವ ಹೈಜೀನಿಸ್ಟರು ಮತ್ತು ಹಲ್ಲುಸೆಟ್ ತಯಾರಿಸುವ ಮೆಕ್ಯಾನಿಕರಿಗಾಗಿ ನೋಂದಣಿ ಪುಸ್ತಕಗಳನ್ನು ಏರ್ಪಡಿಸಿತು. ದಿನವಿಡೀ ಕುರ್ಚಿಯ ಪಕ್ಕದಲ್ಲಿ ನಿಲ್ಲುವ ಸಹಾಯಕಿಗೆ ಅದರಲ್ಲಿ ಜಾಗವಿರಲಿಲ್ಲ. ಈ ಕೆಲಸಕ್ಕೆಂದು ಪ್ರತ್ಯೇಕ ಕೋರ್ಸುಗಳು ಬಂದಿವೆಯಾದರೂ ಸಣ್ಣ ಊರಿನ ಕ್ಲಿನಿಕ್‌ಗಳಿಗೆ ಅವನ್ನು ಓದಿದವರು ಸಿಗುವುದು ಅಪರೂಪ. ಹೀಗಾಗಿ ಅವಳಿಗೆ ಪಾಠ ಹೇಳಬೇಕಾದವರು ಕ್ಲಿನಿಕ್ಕಿನ ವೈದ್ಯರೇ. ಆ ಪಾಠ ಸಾಮಾನ್ಯವಾಗಿ "ನೋಡ್ತಾ ನೋಡ್ತಾ ಕಲ್ತ್ಕೋತಾಳೆ" ಎಂಬಲ್ಲಿಗೆ ನಿಂತುಬಿಡುತ್ತದೆ. ನೋಡಿ ಕಲಿತವರಿಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ; ಯಾಕೆ ಮಾಡಬೇಕೆಂಬುದು ಗೊತ್ತಿರುವುದಿಲ್ಲ. ಜನ ತುಂಬಿ ಗಡಿಬಿಡಿಯಾದ ದಿನ ಮೊದಲು ಕೈಬಿಡುವುದು ಕಾರಣ ಗೊತ್ತಿಲ್ಲದ ಕೆಲಸಗಳನ್ನೇ.

ಸಹಾಯಕಿಯ ಮೊದಲ ಕೆಲಸ ರೋಗಿಯ ಪೂರ್ವಾಪರ ತಿಳಿಯುವುದು. "ಏನಾದರೂ ಕಾಯಿಲೆ ಇದೆಯೇ?" ಎಂದು ಅಚ್ಚಾದ ಫಾರಂ ಕೈಗಿತ್ತರೆ ಹೆಚ್ಚಿನವರು "ಇಲ್ಲ" ಎಂದೇ ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ವರ್ಷಗಟ್ಟಲೆ ಮಾತ್ರೆಯಲ್ಲಿ ಹತೋಟಿಯಲ್ಲಿರುವ ರಕ್ತದೊತ್ತಡವನ್ನು ಅವರು ಕಾಯಿಲೆಯೆಂದೇ ಎಣಿಸುವುದಿಲ್ಲ. ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಎಂಬ ಭಾವನೆಯೂ ಇರುತ್ತದೆ. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ. "ಅಮ್ಮಾ, ಬೆಳಿಗ್ಗೆ ಎದ್ದು ಯಾವ್ಯಾವ ಮಾತ್ರೆ ತಗೋತೀರಿ?" ಎಂದರೆ "ಏನಿಲ್ಲಮ್ಮ, ಬಿಪಿಗೊಂದು, ಶುಗರ್‌ಗೊಂದು, ರಕ್ತ ತೆಳು ಮಾಡೋಕೆ ಅಂತ ಒಂದು ಚಿಕ್ಕದು ಅಷ್ಟೆ" ಎಂಬ ಉತ್ತರ ಬರುತ್ತದೆ. ವೈದ್ಯರಿಗೆ ಬೇಕಾದದ್ದೆಲ್ಲ ಆ "ಅಷ್ಟೆ"ಯೊಳಗಿದೆ. ಕೆಲವು ಬಿಪಿ ಮಾತ್ರೆಗಳಿಂದ, ಅದರಲ್ಲೂ ಬಹಳ ಬಳಕೆಯಲ್ಲಿರುವ ಅಮ್ಲೊಡಿಪಿನ್‌ನಿಂದ, ಕೆಲವರ ಒಸಡು ಊದಿ ಬೆಳೆಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಆಸ್ಪಿರಿನ್ ಆಗಿದ್ದರೆ ಒಂದೆರಡು ಹಲ್ಲು ಕೀಳಲು ಅದನ್ನು ನಿಲ್ಲಿಸುವ ಅಗತ್ಯವಿಲ್ಲ, ನಿಲ್ಲಿಸುವುದೇ ಅಪಾಯ ತರಬಹುದು. ವಾರ್ಫರಿನ್ ಆಗಿದ್ದರೆ ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ ಪರೀಕ್ಷೆಯ ವರದಿ ನೋಡದೆ ಇಕ್ಕಳ ಕೈಗೆತ್ತಿಕೊಳ್ಳುವಂತಿಲ್ಲ.

ದಿನಾ ನುಂಗುವ ಮಾತ್ರೆಗಳನ್ನು ಕೇಳಿದರೂ ಕೆಲವು ತಪ್ಪಿಹೋಗುತ್ತವೆ. ಮೂಳೆ ಸವೆತಕ್ಕೆ ಕೊಡುವ ಒಂದು ಬಗೆಯ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾರೆ, ಅದೇ ಗುಂಪಿನ ಒಂದು ಔಷಧವನ್ನು ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಇವನ್ನು ತೆಗೆದುಕೊಳ್ಳುವವರ ಹಲ್ಲು ಕಿತ್ತಾಗ ದವಡೆಯ ಮೂಳೆ ಮಾಯದೆ ಸತ್ತುಹೋಗುವ ಸಂಭವವಿದೆ. ಅಪರೂಪವಾದರೂ ತಿಂಗಳುಗಟ್ಟಲೆ ಕಾಡುವ ತೊಂದರೆ ಅದು. ಆದ್ದರಿಂದ ಮಂಡಿನೋವಿನಿಂದ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದ ಅಜ್ಜಿಯನ್ನು "ಮೂಳೆಗೆ ವಾರಕ್ಕೊಂದ್ಸಲ, ವರ್ಷಕ್ಕೊಂದ್ಸಲ ಏನಾದ್ರೂ ಔಷಧಿ ಕೊಟ್ಟಿದ್ದಾರಾ ಅಜ್ಜಿ?" ಎಂದು ಪ್ರತ್ಯೇಕವಾಗಿಯೇ ಕೇಳಬೇಕು. ಚಿಕಿತ್ಸೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ ಚೀಲದಲ್ಲಿದ್ದರೆ ತೆಗೆಸಿ ನೋಡಬೇಕು. ಹೃದಯದ ಕವಾಟ ಬದಲಿಸಿಕೊಂಡವರಿಗೆ ಹಲ್ಲು ಕೀಳುವ ಮೊದಲೇ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಕುರ್ಚಿಯಲ್ಲಿ ಕೂತ ಮೇಲೆ ಅದು ತಿಳಿದರೆ ಅಂದಿನ ಕೆಲಸವೇ ತಡವಾಗುತ್ತದೆ. ಇದನ್ನೆಲ್ಲ ಕೇಳುವವಳು ಹೊರಗಿನ ಮೇಜಿನ ಬಳಿ ಕೂತ ಸಹಾಯಕಿ. ಉತ್ತರದಲ್ಲಿ ಯಾವುದು ಮುಖ್ಯವೆಂದು ಅವಳಿಗೆ ಗೊತ್ತಿದ್ದರೆ ಕೆಂಪು ಶಾಯಿಯಲ್ಲಿ ಬರೆದು ಒಳಗೆ ಕಳಿಸುತ್ತಾಳೆ. ಗೊತ್ತಿಲ್ಲದಿದ್ದರೆ ಹೆಸರು, ವಯಸ್ಸು, ಫೋನ್ ನಂಬರಿಗೆ ಅವಳ ಕೆಲಸ ಮುಗಿಯುತ್ತದೆ.

ಭಯದ ವಿಚಾರವೂ ಹೊರಗಿನ ಬೆಂಚಿನಿಂದಲೇ ಶುರುವಾಗುತ್ತದೆ. ಹಲ್ಲಿನ ಚಿಕಿತ್ಸೆಯ ಹೆದರಿಕೆಯನ್ನು ಅಳೆಯಲು ಸಂಶೋಧಕ ನಾರ್ಮನ್ ಕೋರಾ 1969ರಲ್ಲಿ ನಾಲ್ಕೇ ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಅದರ ಮೊದಲ ಪ್ರಶ್ನೆ ನಾಳೆ ದಂತ ವೈದ್ಯರ ಬಳಿ ಹೋಗಬೇಕೆಂದರೆ ಏನನ್ನಿಸುತ್ತದೆ ಎಂಬುದು. ಕಾಯುವ ಕೋಣೆ, ಡ್ರಿಲ್ಲಿನ ನಿರೀಕ್ಷೆ ಆಮೇಲೆ ಬರುತ್ತವೆ. ಹೆದರಿಕೆ ಮನೆಯಲ್ಲೇ ಹುಟ್ಟಿ ಬೆಂಚಿನ ಮೇಲೆ ಬೆಳೆಯುತ್ತದೆ ಎಂದಾಯಿತು. ಹತ್ತೂವರೆಗೆ ಬರಹೇಳಿ ಹನ್ನೆರಡರ ತನಕ ಕೂರಿಸಿದ ರೋಗಿಗೆ ಒಳಗೆ ಎಷ್ಟು ನಯವಾಗಿ ಮಾತಾಡಿದರೂ ಕಳೆದುಹೋದ ನೆಮ್ಮದಿ ಮರಳುವುದಿಲ್ಲ. ತಡವಾಗುವುದಾದರೆ "ಇನ್ನೂ ಅರ್ಧ ಗಂಟೆ ಆಗುತ್ತೆ, ಟೀ ಕುಡಿದು ಬನ್ನಿ" ಎಂದು ಹೇಳಲು ಖರ್ಚೇನಿಲ್ಲ, ಹೇಳುವ ರೂಢಿ ಬೇಕು ಅಷ್ಟೆ. ಮಕ್ಕಳ ದಂತ ಚಿಕಿತ್ಸೆಯಲ್ಲಿ 1959ರಿಂದ ಒಂದು ಕ್ರಮ ಪ್ರಚಾರದಲ್ಲಿದೆ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಗಾಳಿ ಬಿಡುವ ಸಿರಿಂಜಿನಿಂದ ಮಗುವಿನ ಅಂಗೈ ಮೇಲೆ ಒಮ್ಮೆ ಗಾಳಿ ಬಿಟ್ಟು ತೋರಿಸಿದರೆ ಬಾಯಿಯಲ್ಲಿ ಅದೇ ಗಾಳಿ ಬಂದಾಗ ಮಗು ಬೆಚ್ಚುವುದಿಲ್ಲ. ದೊಡ್ಡವರಿಗೂ ಇದೇ ದಾರಿ. "ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೇವೆ" ಎಂದು ಮೊದಲೇ ಹೇಳಿ, ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸಿದರೆ, ಮಾತಿಲ್ಲದ ರೋಗಿಗೆ ಮಾತು ಕೊಟ್ಟಂತಾಗುತ್ತದೆ. ಒಮ್ಮೆಯಾದರೂ ನಿಲ್ಲಿಸದೆ ಹೋದರೆ ಆ ಒಪ್ಪಂದಕ್ಕೆ ಬೆಲೆ ಉಳಿಯುವುದಿಲ್ಲ. ಎತ್ತಿದ ಕೈಯನ್ನು ಮೊದಲು ಕಾಣುವವಳೂ ಸಹಾಯಕಿಯೇ.

ಹೆದರಿಕೆಯ ಜೊತೆಗೆ ನಂಬಿಕೆಗಳೂ ಬರುತ್ತವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಮಾತು ಕೇಳದ ಊರಿಲ್ಲ. ಎರಡನೆಯದಕ್ಕೆ ಅನುಭವದ ಆಧಾರವೂ ಇದೆ. ಒಸಡಿನ ರೋಗದಿಂದ ಬೇರಿನ ಸುತ್ತಲಿನ ಮೂಳೆ ಆಗಲೇ ಕರಗಿ, ಗಟ್ಟಿಯಾದ ಪಾಚಿಯ ಆಸರೆಯಲ್ಲಿ ನಿಂತ ಹಲ್ಲು, ಆ ಪಾಚಿ ತೆಗೆದ ಮೇಲೆ ಅಲ್ಲಾಡುವುದು ನಿಜ. ಸಡಿಲವಾಗಿಸಿದ್ದು ರೋಗ, ಬಯಲಿಗೆ ತಂದದ್ದು ಕ್ಲೀನಿಂಗ್. ಇದನ್ನು ಮೊದಲೇ ಎಕ್ಸ್‌ರೇಯಲ್ಲಿ ತೋರಿಸಿ ಹೇಳಿದರೆ ಅದು ವಿವರಣೆ. ಹಲ್ಲು ಅಲ್ಲಾಡತೊಡಗಿದ ಮೇಲೆ ಹೇಳಿದರೆ ರೋಗಿಯ ಕಿವಿಗೆ ನೆವ. ಮೂಢನಂಬಿಕೆಯೆಂದು ತಳ್ಳಿಹಾಕುವ ಸಿಬ್ಬಂದಿ ಆ ರೋಗಿಯನ್ನಷ್ಟೇ ಅಲ್ಲ, ಅವರ ಮನೆಮಂದಿಯನ್ನೂ ಚಿಕಿತ್ಸೆಯಿಂದ ದೂರ ಮಾಡುತ್ತಾರೆ.

ಶುಚಿತ್ವದ ಮಾತಿಗೆ ಬಂದರೆ, ತಮಿಳುನಾಡಿನ ವಾಣಿಯಂಬಾಡಿಯಲ್ಲಿ ನಡೆದದ್ದನ್ನು ಪ್ರತಿ ಕ್ಲಿನಿಕ್ಕಿನ ಸಿಬ್ಬಂದಿಯೂ ತಿಳಿದಿರಬೇಕು. 2022–23ರಲ್ಲಿ ಆ ಭಾಗದ ಕೆಲವರು ಜ್ವರ, ತಲೆನೋವು, ತೊದಲು ಮಾತು, ಮುಖದ ಒಂದು ಬದಿಯ ಸ್ವಾಧೀನ ತಪ್ಪುವಿಕೆಯಿಂದ ನರಳಿ ಆಸ್ಪತ್ರೆ ಸೇರಿದರು. ಅವರ ಮಿದುಳಿಗೆ ತಗುಲಿದ್ದು ಮೆಲಿಯಾಯ್ಡೋಸಿಸ್, ಅಂದರೆ ಮಣ್ಣು ಮತ್ತು ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ತನಿಖೆ ನಡೆಸಿದ ತಜ್ಞರು ರೋಗಿಗಳ ಓಡಾಟವನ್ನು ಹಿಂದಕ್ಕೆ ಜಾಡು ಹಿಡಿದಾಗ ಅವರಲ್ಲಿ 10 ಮಂದಿ ಒಂದೇ ದಂತ ಚಿಕಿತ್ಸಾಲಯಕ್ಕೆ ಹೋಗಿದ್ದವರೆಂದು ತಿಳಿಯಿತು. ಆ ಹತ್ತು ಮಂದಿಯಲ್ಲಿ 8 ಮಂದಿ ತೀರಿಕೊಂಡರು. 2025ರಲ್ಲಿ ಪ್ರಕಟವಾದ ಅಧ್ಯಯನ ಬೊಟ್ಟು ಮಾಡಿದ್ದು ಒಂದು ಸಲೈನ್ ಬಾಟಲಿಯತ್ತ. ಒಸಡು ಬಿಡಿಸುವ ಉಪಕರಣದಿಂದಲೇ ಅದರ ಬಾಯಿ ತೆರೆದು, ಸರಿಯಾಗಿ ಮುಚ್ಚದೆ ಇಟ್ಟು, ಅದೇ ದ್ರಾವಣವನ್ನು ಮತ್ತೆ ಮತ್ತೆ ಬಳಸಲಾಗಿತ್ತು.

ಇಲ್ಲಿ ಕೆಟ್ಟದ್ದು ದುಬಾರಿ ಯಂತ್ರವಲ್ಲ, ವೈದ್ಯಕೀಯ ಜ್ಞಾನದ ಕೊರತೆಯೂ ಅಲ್ಲ. ತೆರೆದ ಬಾಟಲಿಯನ್ನು ಏನು ಮಾಡಬೇಕೆಂಬುದು ಯಾವ ಕ್ಲಿನಿಕ್ಕಿನಲ್ಲೂ ಸಹಾಯಕಿಯ ದಿನನಿತ್ಯದ ಕೆಲಸದೊಳಗೆ ಬರುವ ಸಂಗತಿ. ಉಳಿದ ದ್ರಾವಣ ಚೆಲ್ಲಿದರೆ ಆಗುವ ನಷ್ಟ ಚಿಲ್ಲರೆ ಕಾಸಿನದು. ಆದರೆ "ಇನ್ನೂ ಅರ್ಧ ಇದೆ, ಚೆಲ್ಲೋದು ಯಾಕೆ" ಎಂಬ ಮಾತು ಮಿತವ್ಯಯದ ಮನೆಯಲ್ಲಿ ಬೆಳೆದ ಯಾರ ಬಾಯಿಗೂ ಸಹಜವಾಗಿ ಬರುತ್ತದೆ. ಚೆಲ್ಲಬೇಕೆಂಬ ಬರೀ ಅಪ್ಪಣೆಗೆ ಆ ಸಹಜ ಬುದ್ಧಿಯನ್ನು ಗೆಲ್ಲುವ ಶಕ್ತಿ ಇಲ್ಲ. ಚೆಲ್ಲದಿದ್ದರೆ ಏನಾದೀತೆಂಬ ತಿಳಿವಳಿಕೆಗೆ ಇದೆ.

ಆಟೋಕ್ಲೇವ್ ವಿಷಯದಲ್ಲೂ ಹೀಗೇ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ. ಗಟ್ಟಿ ಕವಚದ ಬ್ಯಾಕ್ಟೀರಿಯಾ ಬೀಜಾಣುಗಳು ಅದರಲ್ಲಿ ಬದುಕುಳಿಯುತ್ತವೆ. ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಏರಿಸಿ ಕನಿಷ್ಠ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಟ್ಟರೆ ಅವು ಸಾಯುತ್ತವೆ. ಆದರೆ ರಕ್ತ ಒಣಗಿ ಅಂಟಿಕೊಂಡ ಉಪಕರಣವನ್ನು ಉಜ್ಜಿ ತೊಳೆಯದೆ ಒಳಗಿಟ್ಟರೆ, ಸಮಯ ಉಳಿಸಲೆಂದು ತಟ್ಟೆಯನ್ನು ಕಿಕ್ಕಿರಿದು ತುಂಬಿದರೆ, ಹಬೆ ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಉಪಕರಣ ತುಂಬಿಟ್ಟ ಪೊಟ್ಟಣದ ಮೇಲಿನ ಪಟ್ಟಿ ಬಣ್ಣ ಬದಲಿಸಿತೆಂದರೆ ಶಾಖ ತಟ್ಟಿತೆಂದಷ್ಟೇ ಅರ್ಥ. ಸೂಕ್ಷ್ಮಾಣು ಸತ್ತಿವೆಯೇ ಎಂದು ತಿಳಿಯಲು ಬೀಜಾಣು ಪರೀಕ್ಷೆಯೇ ಬೇಕು, ಅದನ್ನು ವಾರಕ್ಕೊಮ್ಮೆಯಾದರೂ ಮಾಡಬೇಕು. ಕುರ್ಚಿಗೆ ನೀರು ತರುವ ಸಣ್ಣ ಕೊಳವೆಗಳ ಒಳಗೋಡೆಯಲ್ಲಿ ಲೋಳೆಯಂತೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪ್ರತಿ ರೋಗಿಯ ನಂತರ ಇಪ್ಪತ್ತು ಮೂವತ್ತು ಸೆಕೆಂಡು ನೀರು ಹರಿಯಬಿಡುವುದು ಇದರ ವಿರುದ್ಧ ತೀರಾ ಸಣ್ಣ ಕ್ರಮ, ಆದರೂ ಮೊದಲು ಮರೆತುಹೋಗುವುದು ಅದೇ. ಪೊಟ್ಟಣ ಒಡೆಯುವುದನ್ನು ರೋಗಿಯ ಕಣ್ಣೆದುರೇ ಮಾಡುವುದು ಒಳ್ಳೆಯ ಪದ್ಧತಿ. ರೋಗಿಗೆ ಧೈರ್ಯ ಬರುತ್ತದೆ, ಸಿಬ್ಬಂದಿಗೂ ಅದು ಪ್ರತಿ ಸಲದ ಪರೀಕ್ಷೆಯಾಗುತ್ತದೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಸದ ಡಬ್ಬಿಗಳ ಬಣ್ಣಗಳನ್ನು ಗೊತ್ತು ಮಾಡಿವೆ: ಕಿತ್ತ ಹಲ್ಲು, ರಕ್ತ ಹೀರಿದ ಹತ್ತಿ ಹಳದಿಗೆ, ಕೈಗವಸು, ಸೂಜಿಯಿಲ್ಲದ ಸಿರಿಂಜು ಕೆಂಪಿಗೆ, ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಅದೇ ನಿಯಮಗಳು ಸಿಬ್ಬಂದಿಗೆ ಕೆಲಸಕ್ಕೆ ಸೇರಿದಾಗಲೂ ಆಮೇಲೆ ವರ್ಷಕ್ಕೊಮ್ಮೆಯೂ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಎನ್ನುತ್ತವೆ. ಡಬ್ಬಿಗಳು ಗೋಡೆ ಬದಿಯಲ್ಲಿ ಸಾಲಾಗಿ ನಿಂತಿರುವ ಕ್ಲಿನಿಕ್‌ಗಳಲ್ಲೂ ಲಸಿಕೆಯ ಮಾತು ಮರೆತುಹೋಗಿರುವುದುಂಟು. ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ಇರುವವರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಶೇ. 30ರವರೆಗೂ ಇದೆ; ಎಚ್‌ಐವಿ ವಿಷಯದಲ್ಲಿ ಅದು ಸುಮಾರು ಶೇ. 0.3. ಮೂರು ಡೋಸ್ ಲಸಿಕೆ ಆ ದೊಡ್ಡ ಅಪಾಯವನ್ನು ಬಹುಪಾಲು ಇಲ್ಲವಾಗಿಸುತ್ತದೆ. ಸೂಜಿ ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಆದಷ್ಟೂ ಎರಡು ಗಂಟೆಯೊಳಗೆ, ತೀರಾ ತಡವೆಂದರೆ 72 ಗಂಟೆಯೊಳಗೆ ಎಚ್‌ಐವಿ ತಡೆಯ ಮಾತ್ರೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಬೈಗುಳದ ಹೆದರಿಕೆಯಿಂದ ಚುಚ್ಚಿದ್ದನ್ನು ಮುಚ್ಚಿಟ್ಟುಕೊಳ್ಳುವ ಹುಡುಗಿಗೆ ಈ ಗಂಟೆಗಳು ಸುಮ್ಮನೆ ಕಳೆದುಹೋಗುತ್ತವೆ. ತನ್ನ ಮೈಯ ರಕ್ಷಣೆಯ ಬಗ್ಗೆ ಯಾರೂ ಯೋಚಿಸದ ಕಡೆ ಕೆಲಸ ಮಾಡುವವಳಿಂದ ಇನ್ನೊಬ್ಬರ ಮೈಯ ಬಗ್ಗೆ ಕಾಳಜಿ ಬಯಸುವುದು ನ್ಯಾಯವಲ್ಲ.

ಕುರ್ಚಿಯಲ್ಲಿ ಎದುರಾಗುವ ತುರ್ತುಸ್ಥಿತಿಗಳಲ್ಲಿ ಅತಿ ಸಾಮಾನ್ಯವಾದದ್ದು ತಲೆಸುತ್ತಿ ಪ್ರಜ್ಞೆ ತಪ್ಪುವುದು. ಗಟ್ಟಿಮುಟ್ಟಾದ ಯುವಕರೂ ಸೂಜಿ ಕಂಡು ಬೆವರಿ, ಬಿಳಿಚಿ, ಆಕಳಿಸತೊಡಗುತ್ತಾರೆ. ಆ ಗಳಿಗೆಯಲ್ಲಿ ಕುರ್ಚಿ ಮಲಗಿಸಿ ಕಾಲು ಎತ್ತರಿಸಿದರೆ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾರೆ. ದಿನ ತುಂಬುತ್ತಿರುವ ಗರ್ಭಿಣಿಯಾದರೆ ಎಡಮಗ್ಗುಲಿಗೆ ತಿರುಗಿಸಬೇಕು. ಹಲ್ಲು ಕೀಳಿಸುವುದಿದೆಯೆಂದು ತಿಂಡಿ ಬಿಟ್ಟು, ಇನ್ಸುಲಿನ್ ಮಾತ್ರ ತೆಗೆದುಕೊಂಡು ಬಂದ ಮಧುಮೇಹಿಗೆ ಬೇಕಾದದ್ದು ಗ್ಲೂಕೋಸ್. ಅಪರೂಪಕ್ಕೆ ತೀವ್ರ ಅಲರ್ಜಿಯಾಗಿ ಉಸಿರುಗಟ್ಟಿದರೆ ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು, ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಇದೆಲ್ಲ ವೈದ್ಯರಿಗೆ ಗೊತ್ತಿರುವುದೇ. ಕೆಲಸ ಕೆಡುವುದು ಬೇರೆ ಕಡೆ: ಅಡ್ರಿನಲಿನ್ನಿನ ಅವಧಿ ಮುಗಿದಿರುತ್ತದೆ, ಆಮ್ಲಜನಕದ ಸಿಲಿಂಡರ್ ಇರುತ್ತದೆ ಆದರೆ ತೆರೆಯುವ ಸ್ಪ್ಯಾನರ್ ಸಿಗುವುದಿಲ್ಲ, 108ಕ್ಕೆ ಕರೆ ಮಾಡಿದವಳು ಕ್ಲಿನಿಕ್ಕಿನ ಗುರುತು ಹೇಳಲು ತಡವರಿಸುತ್ತಾಳೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಬಾಗಿಲು ಮುಚ್ಚಿ ಅಭ್ಯಾಸ ನಡೆಸಿದರೆ ಈ ಕೊರತೆಗಳೆಲ್ಲ ರೋಗಿಯಿಲ್ಲದ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತವೆ. ಯಾರು ಫೋನ್ ಮಾಡುವವರು, ಯಾರು ಸಿಲಿಂಡರ್ ತರುವವರು, ಯಾರು ರಸ್ತೆಗೆ ಹೋಗಿ ಆಂಬುಲೆನ್ಸ್‌ಗೆ ದಾರಿ ತೋರುವವರು ಎಂಬುದು ಹೆಸರು ಸಮೇತ ಗೊತ್ತಾಗಿರಬೇಕು. ಎದೆ ಒತ್ತಬೇಕಾಗಿ ಬಂದರೆ ಮಲಗಿಸಿದ ಕುರ್ಚಿಯ ಬೆನ್ನಿನ ಕೆಳಗೆ ಸ್ಟೂಲ್ ಕೊಡಬೇಕು, ಇಲ್ಲವಾದರೆ ಒತ್ತಿದ್ದೆಲ್ಲ ಕುರ್ಚಿಯ ತೊನೆದಾಟದಲ್ಲಿ ವ್ಯರ್ಥ. ಮಾಡಿ ನೋಡದೆ ಯಾರಿಗೂ ಹೊಳೆಯದ ವಿಷಯವಿದು.

ದಿನನಿತ್ಯದ ಚಿಕಿತ್ಸೆಗೆ, ವೈದ್ಯರೂ ಸಹಾಯಕಿಯೂ ಕೈಯಿಂದ ಕೈಗೆ ಉಪಕರಣ ದಾಟಿಸುವ ನಾಲ್ಕು ಕೈಗಳ ಪದ್ಧತಿಯನ್ನು ಕಾಲೇಜುಗಳಲ್ಲಿ ಹೇಳಿಕೊಡುತ್ತಾರೆ. ಮುಂದಿನ ಹೆಜ್ಜೆ ಯಾವುದೆಂದು ಅರಿತ ಸಹಾಯಕಿಯಿದ್ದರೆ ರೋಗಿ ಬಾಯಿ ತೆರೆದಿರಬೇಕಾದ ಹೊತ್ತು ಕಡಿಮೆಯಾಗುತ್ತದೆ, ವೈದ್ಯರ ಕತ್ತುನೋವೂ ತಗ್ಗುತ್ತದೆ.

ಹಣದ ಮಾತನ್ನು ನೇರವಾಗಿ ಆಡುವುದೂ ಆರೈಕೆಯ ಭಾಗವೇ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ದರಪಟ್ಟಿಯನ್ನು ಎದುರಿಗೆ ಹಾಕಬೇಕೆನ್ನುತ್ತದೆ. ಪಟ್ಟಿ ತೂಗುಹಾಕಿದ ಮಾತ್ರಕ್ಕೆ ರೋಗಿಗೆ ಲೆಕ್ಕ ತಿಳಿಯುವುದಿಲ್ಲ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಸಾಮಾನ್ಯವಾಗಿ ಕ್ಯಾಪ್ ಬೇಕಾಗುತ್ತದೆ, ಅದರ ಖರ್ಚು ಬೇರೆ. ಇದನ್ನು ಮೊದಲ ದಿನವೇ ಹೇಳದೆ ನೋವು ನಿಂತ ಮೇಲೆ ಹೇಳಿದರೆ ರೋಗಿ ಮತ್ತೆ ಬರುವುದಿಲ್ಲ, ಕ್ಯಾಪ್ ಇಲ್ಲದ ಹಲ್ಲು ಬಿರಿಯುತ್ತದೆ, ಕೊಟ್ಟ ಹಣವೂ ಹಲ್ಲೂ ಎರಡೂ ಹೋಗುತ್ತವೆ. ಒಳಗೆ ವೈದ್ಯರು ಒಂದು ಮೊತ್ತ, ಹೊರಗೆ ಮೇಜಿನವರು ಇನ್ನೊಂದು ಮೊತ್ತ ಹೇಳುವ ಕ್ಲಿನಿಕ್ಕನ್ನು ಯಾರೂ ನಂಬುವುದಿಲ್ಲ.

ಹಲ್ಲು ಕಿತ್ತ ಸಂಜೆ ಒಂದು ಫೋನ್ ಕರೆ ಮಾಡಿದರೆ ಎಷ್ಟೋ ತೊಂದರೆ ತಪ್ಪುತ್ತದೆ. ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿಹಿಡಿಯಬೇಕು, ಪದೇ ಪದೇ ಉಗುಳಬಾರದು, ಬೀಡಿ ಸಿಗರೇಟು ಮುಟ್ಟಬಾರದು ಎಂದು ಹೇಳಿ ಕಳಿಸಿದ್ದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಎರಡು ನಾಲ್ಕು ದಿನಗಳಲ್ಲಿ ಹುಟ್ಟುವ ತೀವ್ರ ನೋವು ಹೊಗೆ ಸೇದುವವರಲ್ಲಿ ಹೆಚ್ಚು. ಕರೆ ಮಾಡಿದವಳಿಗೆ ಸಹಜ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದರೆ "ನಾಳೆ ಬೆಳಿಗ್ಗೆನೇ ಬಂದ್ಬಿಡಿ ಅಣ್ಣ" ಎನ್ನುತ್ತಾಳೆ. ತಂಬಾಕಿನ ಕೇಡು ಇಷ್ಟಕ್ಕೇ ನಿಲ್ಲುವುದಿಲ್ಲ. 2016–17ರ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ತಂಬಾಕು ಬಳಸುವವರೆಂದು ಕಂಡುಬಂತು. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದರೂ ಅಡಿಕೆ, ತಂಬಾಕು ಬೇರೆ ರೂಪದಲ್ಲಿ ಬಾಯಿ ಸೇರುತ್ತಲೇ ಇವೆ. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಆಗದವರು, ಖಾರ ತಗುಲಿದರೆ ಉರಿಯುತ್ತದೆ ಎನ್ನುವವರು ಹಲ್ಲುನೋವಿಗೆಂದೇ ಬಂದಿರಬಹುದು. ಕೆನ್ನೆಯ ಒಳಪದರ ಬಿಗಿಯುತ್ತಿರುವ ಈ ಗುರುತು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ರೋಗದ್ದು. ಹಲ್ಲನ್ನಷ್ಟೇ ನೋಡಿ ಕಳಿಸಿದರೆ ಅದನ್ನು ಹಿಡಿಯುವ ಅವಕಾಶ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು.

ಇಷ್ಟಕ್ಕೆಲ್ಲ ಸಣ್ಣ ಕ್ಲಿನಿಕ್ಕಿನ ಆದಾಯ ಸಾಲದು ಎಂಬ ಆಕ್ಷೇಪ ಬರುತ್ತದೆ. ಬಾಡಿಗೆ, ಸಾಲದ ಕಂತು, ಪಕ್ಕದ ಬೀದಿಯಲ್ಲೇ ತೆರೆದ ಇನ್ನೆರಡು ಕ್ಲಿನಿಕ್‌ಗಳ ಪೈಪೋಟಿ ಸುಳ್ಳಲ್ಲ. ಆದರೆ ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಹಣಕ್ಕಿಂತ ಸಮಯ: ಸರಿಯಾದ ಪ್ರಶ್ನೆ, ಹರಿಯಬಿಟ್ಟ ನೀರು, ಸಂಜೆಯ ಕರೆ, ತಿಂಗಳ ಅಭ್ಯಾಸ. ತರಬೇತಿ ಕೊಟ್ಟ ಮೇಲೆ ಹುಡುಗಿ ಮದುವೆಯಾಗಿಯೋ ಹೆಚ್ಚಿನ ಸಂಬಳಕ್ಕೋ ಹೊರಟುಹೋಗುತ್ತಾಳೆ ಎಂಬ ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಲಿತವಳಿಗೆ ಕಲಿಯದವಳ ಸಂಬಳವನ್ನೇ ಕೊಡುತ್ತಿದ್ದರೆ ಅವಳು ಹೋಗುವುದು ಸರಿಯೇ. ಅಂಗಡಿಯಲ್ಲಿ ಬಟ್ಟೆ ಮಡಿಸಿದರೂ ಅಷ್ಟೇ ಸಿಗುವಾಗ ರಕ್ತ, ಸೂಜಿಗಳ ನಡುವೆ ನಿಲ್ಲಲು ಅವಳಿಗೆ ಕಾರಣವಿರುವುದಿಲ್ಲ. ಕೌಶಲ ಹೆಚ್ಚಿದಂತೆ ಸಂಬಳ ಏರಬೇಕು, ರಜೆ ಗೊತ್ತಾಗಿರಬೇಕು. ಪೊಟ್ಟಣ ಹರಿದಿದ್ದರೆ "ಸರ್, ಇದು ಬೇಡ, ಬೇರೆ ಕೊಡ್ತೀನಿ" ಎಂದು ರೋಗಿಯ ಎದುರೇ ಹೇಳುವ ಅಧಿಕಾರವೂ ಅವಳಿಗಿರಬೇಕು, ಅದಕ್ಕೆ ವೈದ್ಯರು ಮುಖ ಗಂಟಿಕ್ಕಬಾರದು.

ಅವಳು ಹೋದರೂ ಕಲಿತದ್ದು ಕ್ಲಿನಿಕ್ಕಿನಲ್ಲಿ ಉಳಿಯಲು ಒಂದು ದಾರಿಯಿದೆ. ಕೆಲಸದ ಪ್ರತಿ ಹೆಜ್ಜೆಯನ್ನೂ ಅದರ ಕಾರಣ ಸಮೇತ ಕನ್ನಡದಲ್ಲಿ ಬರೆದ ನೋಟ್‌ಬುಕ್ ಇರಬೇಕು. ಇಂಗ್ಲಿಷಿನಲ್ಲಿ ಅಚ್ಚಾಗಿ ಗೋಡೆಗೆ ಅಂಟಿಸಿದ ಪಟ್ಟಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು ಎರಡನೇ ಸಲ ನೋಡುವುದಿಲ್ಲ. ಆ ನೋಟ್‌ಬುಕ್ಕನ್ನು ಬರೆಯಬೇಕಾದವಳು ಸಹಾಯಕಿಯೇ. ವೈದ್ಯರು ತಿದ್ದಿದರೆ ಸಾಕು. ಬೀಜಾಣು ಪರೀಕ್ಷೆಯ ತಾರೀಕು, ತುರ್ತು ಔಷಧಿಗಳ ಅವಧಿ, ಯಾರಿಗೆ ಲಸಿಕೆಯ ಎಷ್ಟನೇ ಡೋಸ್ ಆಯಿತೆಂಬುದು ಅದರ ಕೊನೆಯ ಪುಟಗಳಲ್ಲಿರಲಿ. ಹೊಸಬಳು ಸೇರಿದ ಮೊದಲ ಎರಡು ವಾರ ಉಪಕರಣ ಮುಟ್ಟದೆ ಅದನ್ನು ಓದಿ, ಹಳಬಳ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಲಿ. ಮೂರನೇ ವಾರ ಅವಳು ತೊಳೆಯುವ ಸಿಂಕಿನ ಬಳಿಯಿಂದ ಕೆಲಸ ಶುರುಮಾಡಬಹುದು, ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಅಷ್ಟರೊಳಗೆ ಆಗಿರಬೇಕು.